ದಿನದ ಲೆಕ್ಕದ ರೈಲು ಪಾಸು ಬೇಕು: ಗದಗ, ಹಾವೇರಿ, ಧಾರವಾಡದಿಂದ ವಾರಕ್ಕೆ ಎರಡು–ಮೂರು ದಿನ ಕೆಲಸಕ್ಕೆ ಹೋಗಿಬರುವವರ ಗಮನಕ್ಕೆ

ಹುಲಕೋಟಿ ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ಮನೆ ಗದಗ ಹತ್ತಿರ. ಕೋವಿಡ್ ಕಾಲದಲ್ಲಿ ಶುರುವಾದ ಅರ್ಧ ಮನೆ, ಅರ್ಧ ಆಫೀಸು ಪದ್ಧತಿ ನಮ್ಮಲ್ಲಿ ಹಾಗೇ ಉಳಿದಿದೆ. ಒಂದು ವಾರ ಎರಡು ದಿನ ಕರೆಯುತ್ತಾರೆ, ಮುಂದಿನ ವಾರ ಕರೆಯುವುದೇ ಇಲ್ಲ. ಜಿಎಸ್‌ಟಿ ರಿಟರ್ನ್ ಹೊತ್ತಿಗೆ, ತಿಂಗಳ ಕೊನೆಗೆ ಸಾಲಾಗಿ ನಾಲ್ಕೈದು ದಿನ ಹೋಗಲೇಬೇಕು.

ತಿಂಗಳಿಡೀ ಓಡಾಡುವ ಸೀಸನ್ ಪಾಸು ತುಟ್ಟಿ ಅನ್ನುವುದು ನನ್ನ ತಕರಾರಲ್ಲ. ಗದಗ–ಹುಬ್ಬಳ್ಳಿ 58 ಕಿ.ಮೀ.ಗೆ ಇಷ್ಟು ಸೋವಿಯಾಗಿ ಬೇರೆ ಯಾವ ವಾಹನವೂ ಕರೆದೊಯ್ಯುವುದಿಲ್ಲ. ತಕರಾರು ಇರುವುದು ಅದರ ಅವಧಿಯ ಮೇಲೆ. ಪಾಸು ತೆಗೆಸಿದ ದಿನದಿಂದ ತಿಂಗಳು ಓಡುತ್ತಾ ಹೋಗುತ್ತದೆ, ನಾನು ಮನೆಯಲ್ಲಿದ್ದರೂ ಓಡುತ್ತದೆ. ಕೆಲಸ ಒತ್ತಿ ಬರುವ ವಾರಕ್ಕೆ ಸರಿಯಾಗಿ ಅದು ಮುಗಿದಿರುತ್ತದೆ. ಮತ್ತೆ ತೆಗೆಸಿದರೆ ಮುಂದಿನ ಎರಡು ವಾರ ಜೇಬಿನಲ್ಲೇ ಕೂರುತ್ತದೆ. ಬೇಡವೆಂದು ಬಿಡಿ ಟಿಕೆಟ್ ತೆಗೆದರೆ ಎಕ್ಸ್‌ಪ್ರೆಸ್ ದರ.

ಧಾರವಾಡದ ಖಾನಾವಳಿಗಳಲ್ಲಿ ತಿಂಗಳ ಊಟಕ್ಕೆ ರೊಕ್ಕ ಕಟ್ಟುವವರೂ ಇದ್ದರು, ಕೂಪನ್ ಪುಸ್ತಕ ತಗೊಂಡು ಬೇಕಾದ ದಿನ ಒಂದು ಚೀಟಿ ಹರಿದುಕೊಡುವವರೂ ಇದ್ದರು. ಊರಿಗೆ ಹೋದ ದಿನದ ಊಟ ಹಾಳಾಗುತ್ತಿರಲಿಲ್ಲ. ರೈಲಿಗೂ ಅಂಥದ್ದೊಂದು ಬೇಕು ಅನ್ನುವುದು ನನ್ನ ಮಾತು: ಹತ್ತು ದಿನದ ಪಾಸು, ಎರಡು ತಿಂಗಳೊಳಗೆ ಯಾವ ಹತ್ತು ದಿನ ಬೇಕಾದರೂ ಬಳಸಬಹುದು. ಇದನ್ನು ಬರಹದಲ್ಲಿ ರೈಲ್ವೆಗೆ ಕೊಡಬೇಕೆಂದಿದ್ದೇನೆ. ನಿಮ್ಮ ಅನುಭವ ಸೇರಿದರೆ ಅದಕ್ಕೆ ತೂಕ ಬರುತ್ತದೆ.

ಕುಂದಗೋಳ ದಿನಾ ಅಪ್‌ಡೌನ್:

ಸರ, ನಿಮ್ಮ ತ್ರಾಸು ಅರ್ಥ ಆಗತೈತಿ, ಆದ್ರ ನನಗ ಅಂಜಿಕಿ ಐತಿ. ವಾರದಾಗ ಆರೂ ದಿನ ಹುಬ್ಬಳ್ಳಿಗೆ ಹೋಗಾಂವ ನಾನು. ನಮ್ಮಂಥವರ ಸಂಸಾರ ನಡದದ್ದ ಈ ಸೀಸನ್ ಮ್ಯಾಲೆ. ಪಾಸಿನ ನಿಯಮ ಬದಲ ಮಾಡ್ರಿ ಅಂತ ಒಮ್ಮೆ ಬಾಗಿಲಾ ತೆರದ್ರ, ಅವರು ನಮ್ಮ ದರಕ್ಕೂ ಕೈ ಹಾಕ್ತಾರ. 2014ರಾಗ ಏನಾತು ನೆನಪೈತಿಲ್ಲ? ಒಮ್ಮಿಂದೊಮ್ಮೆಲೆ ಪಾಸಿನ ದರ ಇಮ್ಮಡಿ ಆಗತೈತಿ ಅಂತ ಸುದ್ದಿ ಬಂದಾಗ ನಮ್ಮ ಸ್ಟೇಷನ್ನಿನ್ಯಾಗ ಎಲ್ಲಾರ ಮಾರಿ ಬಾಡಿ ಹೋಗಿತ್ತು.

ಮೊದಲ ಜನರಲ್ ಬೋಗಿ ಹೆಚ್ಚು ಮಾಡಸ್ರಿ. ಕುಂದಗೋಳ, ಸಂಶಿ, ಗುಡಗೇರಿ ಮಂದಿ ಹತ್ತೂದ ಕಷ್ಟ ಆಗೇತಿ. ಕಾಲಿಡಾಕ ಜಾಗಾ ಇಲ್ಲದಲ್ಲೆ ಪಾಸು ಯಾವ ನಮೂನಿದ ಇದ್ರೇನು?

ನಿವೃತ್ತ ಬುಕಿಂಗ್ ಕ್ಲರ್ಕ್:

ಕುಂದಗೋಳದ ತಮ್ಮ ಹೇಳಿದ 2014ರ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆಯ ಬೇರು ಅಲ್ಲೇ ಇದೆ. ಎರಡನೇ ದರ್ಜೆಯ ತಿಂಗಳ ಸೀಸನ್ನಿಗೆ ಸುಮಾರು 15 ಒಂಟಿ ಪ್ರಯಾಣದ ಪ್ಯಾಸೆಂಜರ್ ದರ ಹಿಡಿಯುತ್ತಾರೆ. ತಿಂಗಳಿಡೀ ಹೋಗಿ ಬಂದರೂ ಕೊಡುವುದು ಹದಿನೈದು ಪ್ರಯಾಣದ ದುಡ್ಡು ಮಾತ್ರ. 2014ರ ಜೂನ್‌ನಲ್ಲಿ, ನಮ್ಮವರೇ ಆದ ಸದಾನಂದ ಗೌಡರು ರೈಲ್ವೆ ಮಂತ್ರಿಯಾಗಿದ್ದಾಗ, ಪ್ರಯಾಣ ದರ ಶೇ 14.2ರಷ್ಟು ಏರಿತು. ಅದರ ಜೊತೆಗೇ ಸೀಸನ್ನನ್ನು 15ರ ಬದಲು 30 ಪ್ರಯಾಣದ ಲೆಕ್ಕದಲ್ಲಿ ಹಿಡಿಯಬೇಕೆಂದು ಹೊರಟಿದ್ದರು. ಮುಂಬೈಯಲ್ಲಿ ದೊಡ್ಡ ಗದ್ದಲವಾಯಿತು. ಜಾರಿಗೆ ಬರುವ ಮೊದಲೇ ಹಿಂದಕ್ಕೆ ತಗೊಂಡು 15ರ ಲೆಕ್ಕವನ್ನೇ ಉಳಿಸಿದರು.

ಹಾಗಾಗಿ ಪಾಸಿನವರಿಗೆ ಅಂಜಿಕೆ ಸಹಜ. ಆದರೆ ಹುಲಕೋಟಿಯವರು ಕೇಳುತ್ತಿರುವುದು ಹೊಸ ತರಹದ ಒಂದು ಟಿಕೆಟ್. ಹಳೇ ಸೀಸನ್ ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಇದೊಂದು ಇರಲಿ ಅಂತ ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಬೇಕು.

ಉಳಿದ ನಿಯಮಗಳನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತವೆ. ಸೀಸನ್ 150 ಕಿ.ಮೀ. ದೂರದವರೆಗೆ ಸಿಗುತ್ತದೆ. ಮೂರು ತಿಂಗಳದ್ದಕ್ಕೆ ತಿಂಗಳ ದರದ 2.7 ಪಟ್ಟು, ಆರು ತಿಂಗಳದ್ದಕ್ಕೆ 5.4 ಪಟ್ಟು, ವರ್ಷದ್ದಕ್ಕೆ 10.8 ಪಟ್ಟು. ಪಾಸು ಎರಡು ಸ್ಟೇಷನ್ ನಡುವೆ ಮಾತ್ರ ನಡೆಯುತ್ತದೆ, ದಾರಿಯಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು. ಬಳಸದೇ ಬಿಟ್ಟ ದಿನ ಮುಂದಕ್ಕೆ ಸೇರುವುದಿಲ್ಲ, ದುಡ್ಡೂ ವಾಪಸ್ ಇಲ್ಲ. ಇದಕ್ಕೊಂದು ಅಪವಾದ ಆಗಿದೆ: 2020ರಲ್ಲಿ ಲಾಕ್‌ಡೌನ್‌ ಆದಾಗ ಮುಂಬೈ ಲೋಕಲ್‌ನಲ್ಲಿ, ಓಡಾಡಲಾಗದೆ ಕಳೆದುಹೋದ ದಿನಗಳನ್ನು ಸೀಸನ್ನಿಗೆ ಮತ್ತೆ ಸೇರಿಸಿಕೊಟ್ಟರು. ದಿನ ಎಣಿಸಿ ಕೊಡಲು ರೈಲ್ವೆಗೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ಮುಂದಿಡಿ.

ಅತಿಥಿ ಉಪನ್ಯಾಸಕಿ, ಧಾರವಾಡ:

ಈ ವಿಷಯ ಎತ್ತಿದ್ದಕ್ಕ ಭಾಳ ಉಪಕಾರ ಆತ್ರಿ. ಪಾರ್ಟ್‌ ಟೈಮ್ ಅಂದಕೂಡಲೇ ಎಲ್ಲಾರಿಗೂ ಐಟಿ ಹುಡುಗರು ನೆನಪಾಗ್ತಾರ, ಆದ್ರ ನಮ್ಮ ಭಾಗದಾಗ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರು ವರ್ಷಗಟ್ಟಲೆ ಇದನ್ನ ಮಾಡಿಕೋತ ಬಂದಾರ. ಒಂದ ಕಾಲೇಜಿನ್ಯಾಗ ಪೂರಾ ಕಾರ್ಯಭಾರ ಸಿಗೂದಿಲ್ಲ. ನನಗ ಹಾವೇರಿ ಕಡೆ ಒಂದು, ಗದಗ ಕಡೆ ಒಂದು. ಮನಿ ಧಾರವಾಡದಾಗ. ವಾರದ ಮೊದಲ ಎರಡು ದಿನ ಹಾವೇರಿ ದಿಕ್ಕು, ಆಮ್ಯಾಲೆ ಗದಗ ದಿಕ್ಕು.

ಕಾಕಾ ಅವರು ಹೇಳಿಧಂಗ ಪಾಸು ಎರಡ ಸ್ಟೇಷನ್ ನಡುವಿಂದು. ಹುಬ್ಬಳ್ಳಿಯಿಂದ ಮೂರು ದಿಕ್ಕಿಗೆ ಹಳಿ ಒಡೀತಾವ: ಧಾರವಾಡಕ್ಕೊಂದು, ಅಣ್ಣಿಗೇರಿ ಮ್ಯಾಲೆ ಗದಗಿಗೊಂದು, ಯಲವಿಗಿ, ಕರಜಗಿ ಮ್ಯಾಲೆ ಹಾವೇರಿಗೊಂದು. ನಾನು ಎರಡು ಪಾಸು ತಗೋಬೇಕು, ಎರಡನ್ನೂ ಅರ್ಧ ಸುದ್ದಾ ಬಳಸೂದಿಲ್ಲ. ಧಾರವಾಡದಿಂದ ಹುಬ್ಬಳ್ಳಿತನಕದ ತುಂಡು ಎರಡೂ ಪಾಸಿನ್ಯಾಗ ಇರತದ, ಅಂದ್ರ ಅದಕ್ಕ ಎರಡು ಸಲ ರೊಕ್ಕ ಕಟ್ಟಿಧಂಗಾತು.

ನಮ್ಮ ಗೌರವಧನ ತಿಂಗಳಾ ತಿಂಗಳಾ ಬರೂದಿಲ್ಲ, ಸೆಮಿಸ್ಟರ್ ನಡುವ ರಜಾದಾಗ ಏನೂ ಇಲ್ಲ. ಮೂರು ತಿಂಗಳ ಪಾಸು ಸೋವಿ ಅಂತ ತಗೊಂಡ್ರ ನಡುವ ಪರೀಕ್ಷಾ ಬಂದು ಕ್ಲಾಸ್ ನಿಲ್ಲತಾವ. ದಿನದ ಲೆಕ್ಕದ ಪಾಸು ನಮಗ ಬೇಕಾದದ್ದು ಇದಕ್ಕ.

ಹುಲಕೋಟಿ ಪ್ಯಾಸೆಂಜರ್:

ಅಕ್ಕಾರ, ನೀವು ಹೇಳಿದ ಮೂರು ದಿಕ್ಕಿನ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಹುಬ್ಬಳ್ಳಿಯನ್ನು ನಡುವೆ ಇಟ್ಟುಕೊಂಡು ಗದಗ, ಹಾವೇರಿ, ಧಾರವಾಡ ಈ ಮೂರಕ್ಕೂ ನಡೆಯುವ ಒಂದೇ ಪಾಸು ಕೇಳಿದರೆ ಹೇಗೆ? ಅರ್ಜಿಯಲ್ಲಿ ಎರಡನೇ ಅಂಶವಾಗಿ ಸೇರಿಸುತ್ತೇನೆ.

ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ರೈಲಿನ ಪಾಸಿನ ಅಗತ್ಯ ಇನ್ನೂ ಇದೆಯೇ ಅಂತ ಯಾರಾದರೂ ಕೇಳಬಹುದು. ನಿಮ್ಮ ಉತ್ತರ ತಿಳಿಸಿದರೆ ಅನುಕೂಲ.

ಅತಿಥಿ ಉಪನ್ಯಾಸಕಿ, ಧಾರವಾಡ:

ಖಂಡಿತ ಐತ್ರಿ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸು, ವೇಗದೂತ ನಮಗ ಪುಕ್ಕಟೆ. ಅದರಿಂದ ಎಷ್ಟೋ ಹೆಣ್ಣುಮಕ್ಕಳು ನೌಕರಿ ಹಿಡದಾರ, ನಾನೂ ಬಸ್ಸಿನ್ಯಾಗ ಹೋಗತೀನಿ. ಆದ್ರ ಹಾವೇರಿಯಿಂದ ನಿಂತುಕೊಂಡು ಬಂದು, ಹೊಸೂರ ಬಸ್‌ಸ್ಟ್ಯಾಂಡಿನ್ಯಾಗ ಇಳದು, ಮತ್ತ ಧಾರವಾಡದ ಬಸ್ಸು ಹಿಡಿಯೂ ಹೊತ್ತಿಗೆ ಸೊಂಟ ಹೋಗಿರತದ. ರೈಲಿನ್ಯಾಗ ಸೀಟು ಸಿಕ್ಕ ದಿನ ಅರ್ಧ ಉತ್ತರಪತ್ರಿಕೆ ದಾರಿಯಾಗ ನೋಡಿ ಮುಗಸತೀನಿ. ರೊಕ್ಕ ಕೊಟ್ಟಾದರೂ ರೈಲು ಬೇಕು ಅನ್ನೂದು ಇದಕ್ಕ. ಯಾವ ದಿನ ಬಸ್ಸು, ಯಾವ ದಿನ ರೈಲು ಅಂತ ಮುಂಜಾನೆ ನಿರ್ಧಾರ ಮಾಡಬೇಕಾಗತದ, ಅದಕ್ಕ ತಿಂಗಳ ಪಾಸು ಹೊಂದೂದಿಲ್ಲ.

ಸಂಶಿ ಕೋಡರ್:

ನಾನೂ ಮನೆ–ಆಫೀಸು ಎರಡೂ ಕಡೆ ಕೆಲಸ ಮಾಡುವವನು. ಲೆಕ್ಕ ಹಾಕಿ ನೋಡೋಣ, ಆಮೇಲೆ ಬೇಡಿಕೆ ಇಡೋಣ.

ಸೀಸನ್ 15 ಪ್ರಯಾಣದ ದರ. ಹೋಗಿ ಬರುವುದು ಒಂದು ದಿನಕ್ಕೆ ಎರಡು ಪ್ರಯಾಣ. ಪ್ಯಾಸೆಂಜರ್ ಗಾಡಿಯಲ್ಲೇ ಹೋಗುವವರಿಗೆ ತಿಂಗಳಲ್ಲಿ ಎಂಟನೇ ದಿನಕ್ಕೆ ಪಾಸಿನ ದುಡ್ಡು ಎದ್ದುಬಿಡುತ್ತದೆ. ವಾರಕ್ಕೆ ಎರಡು ದಿನ ತಪ್ಪದೆ ಹೋದರೂ ಸರಿಸಮ.

ಎಕ್ಸ್‌ಪ್ರೆಸ್‌ನ ಕತೆ ಬೇರೆ. ಬಿಡಿ ಟಿಕೆಟ್‌ಗೆ ಪ್ಯಾಸೆಂಜರ್‌ನಲ್ಲಿ ಕನಿಷ್ಠ 10 ರೂಪಾಯಿ, ಎಕ್ಸ್‌ಪ್ರೆಸ್‌ನಲ್ಲಿ ಕನಿಷ್ಠ 30. ಧಾರವಾಡ–ಹುಬ್ಬಳ್ಳಿ ಇಪ್ಪತ್ತು ಕಿ.ಮೀ. ಆಸುಪಾಸು, ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬಂದರೆ 60 ರೂಪಾಯಿ. ಸೀಸನ್ ಇದ್ದವರು ಹೆಚ್ಚಿನ ಎಕ್ಸ್‌ಪ್ರೆಸ್‌ಗಳ ಜನರಲ್ ಬೋಗಿಗೂ ಅದೇ ಪಾಸಿನಲ್ಲಿ ಹತ್ತಬಹುದು. ಅಲ್ಲಿ ಮೂರ್ನಾಲ್ಕು ದಿನಕ್ಕೇ ಪಾಸಿನ ದುಡ್ಡು ಎದ್ದುಹೋಗುತ್ತದೆ. ತಿಂಗಳಿಗೆ ಐದು ದಿನ ಹೋಗುವವರೂ ಈಗಿರುವ ಪಾಸನ್ನೇ ತೆಗೆಸುವುದು ಒಳ್ಳೆಯದು, ಇದನ್ನು ಎಷ್ಟೋ ಜನ ಲೆಕ್ಕ ಹಾಕಿಯೇ ಇಲ್ಲ.

ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳನ್ನೆಲ್ಲ ಸ್ಪೆಷಲ್ ಎಂದು ಓಡಿಸಿ ಎಲ್ಲದಕ್ಕೂ 30 ರೂಪಾಯಿ ತಗೊಂಡರು. 10 ರೂಪಾಯಿ ಮತ್ತೆ ಬಂದಿದ್ದು 2024ರ ಫೆಬ್ರವರಿ ಕೊನೆಗೆ. ಆ ಅವಧಿಯಲ್ಲಿ ನಷ್ಟ ಆಗಿದ್ದು ಯಾವಾಗಲೋ ಒಮ್ಮೆ ಹೋಗುವವರಿಗೆ.

ಹಾಗಾಗಿ ದರ ಇಳಿಸಿ ಅಂತ ಕೇಳಿದರೆ ನಮ್ಮ ಅರ್ಜಿ ನಿಲ್ಲುವುದಿಲ್ಲ. ಕೌಂಟರಿನಲ್ಲಿ ಕೊಡುವ ಟಿಕೆಟ್ ಮೇಲೆಯೇ ಅವರು ಅಚ್ಚು ಹಾಕಿ ಕೊಡುತ್ತಿದ್ದರು, ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ನಮಗೆ ವಾಪಸ್ ಬರುತ್ತದೆ ಅಂತ. ಅದನ್ನೇ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಅವಧಿ ಹಿಗ್ಗಿಸಿ, ದಿನ ಎಣಿಸಿ ಅಂತ ಕೇಳಿದರೆ ಅವರಿಗೆ ಹೊರೆ ಕಡಿಮೆ.

ಮಾಳಮಡ್ಡಿಯಿಂದ ಇಂಗ್ಲೆಂಡಿಗೆ:

ಧಾರವಾಡದವ, ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಸಿದ್ದೇನೆ. ನೀವು ಕೇಳುತ್ತಿರುವಂಥದ್ದೇ ಒಂದು ಟಿಕೆಟ್ ಇಲ್ಲಿ 2021ರ ಜೂನ್‌ನಲ್ಲಿ ಶುರುವಾಯಿತು, ಫ್ಲೆಕ್ಸಿ ಸೀಸನ್ ಎನ್ನುತ್ತಾರೆ. 28 ದಿನದ ಅವಧಿ, ಅದರೊಳಗೆ ಎಂಟು ದಿನ ಪ್ರಯಾಣ. ಯಾವ ಎಂಟು ದಿನ ಎಂದು ಮೊದಲೇ ಹೇಳಬೇಕಾಗಿಲ್ಲ. ಸ್ಮಾರ್ಟ್ ಕಾರ್ಡಿನಲ್ಲಿ ಇರುತ್ತದೆ, ಹೋಗುವ ದಿನ ಗೇಟಿಗೆ ತಾಗಿಸಿದರೆ ಒಂದು ದಿನ ಕಳೆಯುತ್ತದೆ. ಆ ದಿನ ಎಷ್ಟು ಸಲ ಬೇಕಾದರೂ ಓಡಾಡಬಹುದು, ಬೆಳಗಿನ ದಟ್ಟಣೆಯ ಹೊತ್ತಿನಲ್ಲೂ ನಡೆಯುತ್ತದೆ. ಆದರೆ ಅದೂ ಎರಡು ಸ್ಟೇಷನ್ ನಡುವೆಯೇ. ಅಮೆರಿಕದ ಬಾಸ್ಟನ್‌ನಲ್ಲಿ ಇದಕ್ಕೂ ಮೊದಲು, 2020ರ ಜುಲೈನಿಂದ, 30 ದಿನದಲ್ಲಿ ಐದು ದಿನದ ಪಾಸು ಇದೆ.

ಬಳಸಿದವನಾಗಿ ಎರಡು ಮಾತು. ವಾರಕ್ಕೆ ಎರಡು ದಿನ ಹೋಗುವವರಿಗೆ ಇದು ಅನುಕೂಲ. ಮೂರು ದಿನವಾದ ಕೂಡಲೇ ಎಷ್ಟೋ ಮಾರ್ಗಗಳಲ್ಲಿ ಸಾಮಾನ್ಯ ಸೀಸನ್ನಿನ ದರ ಹತ್ತಿರ ಬಂದುಬಿಡುತ್ತದೆ. ಇನ್ನೊಂದು, 28 ದಿನ ಸಾಲುವುದಿಲ್ಲ. ಒಂದು ವಾರ ಜ್ವರ ಬಂದು ಮಲಗಿದರೆ, ಮಗುವಿನ ಶಾಲೆಗೆ ರಜೆ ಬಿದ್ದರೆ ಎರಡು ದಿನ ಹೋದಂತೆಯೇ, ಉಳಿದದ್ದು ಮುಂದಿನ ತಿಂಗಳಿಗೆ ಬರುವುದಿಲ್ಲ. ಹುಲಕೋಟಿಯವರು ಎರಡು ತಿಂಗಳ ಅವಧಿ ಕೇಳಿದ್ದು ಬಹಳ ಸರಿ, ಅದನ್ನು ಕಡಿಮೆ ಮಾಡಿಕೊಳ್ಳಬೇಡಿ.

ಕುಂದಗೋಳ ದಿನಾ ಅಪ್‌ಡೌನ್:

ಅಲ್ಲಿ ಗೇಟು ಅದಾವ್ರಿ ಅಣ್ಣಾ, ತಾಗಿಸಿದ್ರ ದಿನ ಕಡಿಮಿ ಆಗತೈತಿ. ನಮ್ಮ ಕುಂದಗೋಳ ಸ್ಟೇಷನ್ನಿಗೆ ಎರಡೂ ಕಡೆ ಹೊಲಾ. ಯಾರು ಎಣಸವರು? ಟಿಸಿ ಬಂದಾಗ ಅಷ್ಟ ದಿನಾ ಕಳಕೊಂಡು, ಬರದಿದ್ರ ಹಂಗ ಇಟಗೋತಾರ. ಆಮ್ಯಾಲೆ ಪಾಸಿನವರೆಲ್ಲಾ ಕಳ್ಳರು ಅಂತ ಹೆಸರು ಬರತೈತಿ. ಪ್ರಾಮಾಣಿಕವಾಗಿ ಪಾಸು ತಗದು ಓಡ್ಯಾಡವರಿಗೆ ಆ ಮಾತು ಬ್ಯಾಡ.

ಸಂಶಿ ಕೋಡರ್:

ಅಣ್ಣ ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಇದಕ್ಕೆ ದಾರಿ ಈಗಾಗಲೇ ನಮ್ಮ ಕೈಯಲ್ಲಿದೆ. ರೈಲ್ವೆಯ ಮೊಬೈಲ್ ಆ್ಯಪ್‌ನಲ್ಲಿ ಕಾಗದವಿಲ್ಲದ ಜನರಲ್ ಟಿಕೆಟ್ ತೆಗೆಯುವಾಗ ಫೋನ್ ಎಲ್ಲಿದೆ ಅಂತ ನೋಡುತ್ತದೆ. ರೈಲಿನೊಳಗೆ ಕೂತು, ಪ್ಲಾಟ್‌ಫಾರ್ಮ್ ಮೇಲೆ ನಿಂತು ಅದನ್ನು ತೆಗೆಯಲು ಬಿಡುವುದಿಲ್ಲ. ಟಿಸಿಯನ್ನು ಕಂಡ ಮೇಲೆ ಟಿಕೆಟ್ ತೆಗೆಯುವುದನ್ನು ತಪ್ಪಿಸಲೆಂದೇ ಮಾಡಿದ್ದು. ದಿನದ ಪಾಸಿಗೂ ಇದನ್ನೇ ಹಾಕಬಹುದು: ಮನೆಯಿಂದ ಹೊರಡುವಾಗ ಇವತ್ತಿನ ದಿನ ಶುರು ಎಂದು ಒತ್ತಬೇಕು, ಸ್ಟೇಷನ್ ಒಳಗೆ ಬಂದ ಮೇಲೆ ಒತ್ತಲು ಆಗಬಾರದು. ಒತ್ತದೆ ಹತ್ತಿದವರು ಟಿಕೆಟ್ ಇಲ್ಲದವರ ಲೆಕ್ಕ. ದಂಡ ಕನಿಷ್ಠ 250 ರೂಪಾಯಿ, ಜೊತೆಗೆ ದರ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕೌಂಟರಿನಲ್ಲಿ ಕೂಪನ್ ಪುಸ್ತಕ ಕೊಡಬಹುದು. ಮುಂಬೈ ಲೋಕಲ್‌ನಲ್ಲಿ ಕೂಪನ್ ಪುಸ್ತಕ ಇತ್ತು, ಸ್ಟೇಷನ್ನಿನ ಯಂತ್ರದಲ್ಲಿ ತೂರಿಸಿದರೆ ದಿನಾಂಕ, ಸಮಯ ಅಚ್ಚಾಗುತ್ತಿತ್ತು. ಭಾರತೀಯ ರೈಲ್ವೆಯೇ ನಡೆಸಿ ಆಮೇಲೆ ನಿಲ್ಲಿಸಿದ ವ್ಯವಸ್ಥೆ ಅದು.

ನಿವೃತ್ತ ಬುಕಿಂಗ್ ಕ್ಲರ್ಕ್:

ಯಂತ್ರ ಬೇಡ, ಕೆಟ್ಟು ನಿಂತರೆ ಸಣ್ಣ ಸ್ಟೇಷನ್ನಿನಲ್ಲಿ ರಿಪೇರಿಗೆ ಬರುವವರಿಲ್ಲ. ಕೌಂಟರಿನಲ್ಲೇ ಆ ದಿನದ ಚೀಟಿಗೆ ದಿನಾಂಕದ ಮುದ್ರೆ ಒತ್ತಿಸಿಕೊಂಡರೆ ಆಯಿತು. ಬೆಳಗಿನ ಸಾಲಿನ ಉದ್ದ ನನಗೆ ಗೊತ್ತು, ಆದರೆ ಮುದ್ರೆ ಒತ್ತುವುದಕ್ಕೆ ಚಿಲ್ಲರೆ ಎಣಿಸುವ ಕೆಲಸ ಇಲ್ಲ.

ಗದಗ ವಕೀಲ:

ನನ್ನದು ಇನ್ನೊಂದು ಬಗೆ. ಧಾರವಾಡ ಹೈಕೋರ್ಟ್ ಪೀಠದಲ್ಲಿ ಕೇಸು ಪಟ್ಟಿಗೆ ಬಂದ ದಿನ ಮಾತ್ರ ಹೋಗಬೇಕು. 2008ರಲ್ಲಿ ಸಂಚಾರಿ ಪೀಠ ಬರುವ ಮೊದಲು ನಮ್ಮ ಹಿರಿಯರು ಬೆಂಗಳೂರಿಗೆ ರಾತ್ರಿ ಗಾಡಿ ಹಿಡಿಯುತ್ತಿದ್ದರು. 2013ರಲ್ಲಿ ಅದು ಕಾಯಂ ಆದ ಮೇಲೆ ಗದಗ, ಹಾವೇರಿಯ ವಕೀಲರು ಬೆಳಿಗ್ಗೆ ಹೋಗಿ ಸಂಜೆ ಬರುವಂತಾಯಿತು. ನಾಳೆಯ ಪಟ್ಟಿ ಹಿಂದಿನ ದಿನ ಗೊತ್ತಾಗುತ್ತದೆ. ಒಂದು ತಿಂಗಳು ಹತ್ತು ಸಲ, ಇನ್ನೊಂದು ತಿಂಗಳು ಒಂದೇ ಸಲ. ಜೂನಿಯರ್‌ಗಳ ಕೈಯಲ್ಲಿ ಮೊದಲ ವರ್ಷಗಳಲ್ಲಿ ಎಷ್ಟು ಓಡಾಡುತ್ತದೆ ಅಂತ ಎಲ್ಲರಿಗೂ ಗೊತ್ತು, ಅವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಒಂದು ಮಾತು ಸೇರಿಸಲೇಬೇಕು. ನಮಗೆ ಹೊತ್ತಿಗೆ ಸರಿಯಾಗಿ ಇರುವ ಗಾಡಿಗಳಲ್ಲಿ ಜನರಲ್ ಬೋಗಿ ಕಡಿಮೆ. ಪಾಸು ಹಿಡಿದು ಸ್ಲೀಪರ್ ಹತ್ತಿದರೆ ದಂಡ. ಸೂಪರ್‌ಫಾಸ್ಟ್ ಆದರೆ ಪಾಸಿನ ಮೇಲೆ ಬೇರೆ ಚಾರ್ಜ್ ಕಟ್ಟಿರಬೇಕು. ಹಾವೇರಿ ಕಡೆಯವರಿಗೆ ಜನಶತಾಬ್ದಿಯಲ್ಲಿ ಪಾಸು ನಡೆಯುವುದಿಲ್ಲ, ವಂದೇ ಭಾರತ್‌ನಲ್ಲಿ ಮೊದಲೇ ಇಲ್ಲ. ಹಗಲು ಹೊತ್ತು ಅರ್ಧ ಖಾಲಿ ಸ್ಲೀಪರ್ ಬೋಗಿ ಪಕ್ಕದಲ್ಲೇ ಇರುತ್ತದೆ, ನಾವು ಜನರಲ್ ಬೋಗಿಯ ಬಾಗಿಲಲ್ಲಿ ಕರಿಕೋಟು, ಫೈಲು ಎದೆಗೆ ಅವಚಿಕೊಂಡು ನಿಂತಿರುತ್ತೇವೆ. ಅಣ್ಣಿಗೇರಿಯಲ್ಲಿ ಇನ್ನೊಂದಿಷ್ಟು ಜನ ಬುತ್ತಿ ಚೀಲ ಮುಂದೆ ಮಾಡಿ ಒಳಗೆ ನುಗ್ಗುತ್ತಾರೆ, ಹೊರಗಿನವರು ಕೂಗುತ್ತಾರೆ, ಒಳಗಿನವರು ಜಾಗ ಎಲ್ಲಿದೆ ಅನ್ನುತ್ತಾರೆ. ಕೋಟಿನ ಗುಂಡಿ ಅಲ್ಲೇ ಕಿತ್ತು ಬೀಳುತ್ತದೆ.

ಕುಂದಗೋಳ ದಿನಾ ಅಪ್‌ಡೌನ್:

ನಾನು ಮೊದಲ ಹೇಳಿದ್ದೂ ಇದನ್ನ, ವಕೀಲ ಸಾಹೇಬ್ರ.

ನಿವೃತ್ತ ಬುಕಿಂಗ್ ಕ್ಲರ್ಕ್:

ಇದಕ್ಕೆ ಪರಿಹಾರ ಇದೆ, ಮತ್ತು ಇದು ದಿಲ್ಲಿತನಕ ಹೋಗಬೇಕಾದ್ದಲ್ಲ. ಹಗಲು ಹೊತ್ತಿನ ಒಂದಿಷ್ಟು ದೂರಕ್ಕೆ ಸ್ಲೀಪರ್ ಬೋಗಿಯನ್ನು ಕಾಯ್ದಿರಿಸದ ಬೋಗಿ ಎಂದು ಘೋಷಿಸಲು ಅವಕಾಶವಿದೆ, ನಾವು ಅದನ್ನು ಡಿ-ರಿಸರ್ವ್ಡ್ ಬೋಗಿ ಅನ್ನುತ್ತಿದ್ದೆವು. ಇಂತಿಂಥ ಗಾಡಿ, ಇಂತಿಂಥ ಸ್ಟೇಷನ್ ನಡುವೆ, ಎಸ್–10, ಎಸ್–11 ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಸೀಸನ್‌ನವರು ಕೂರಬಹುದು. ಇಂಥ ಪ್ರಸ್ತಾವ ವಿಭಾಗದ ವಾಣಿಜ್ಯ ಶಾಖೆಯಿಂದ ವಲಯಕ್ಕೆ ಹೋಗುತ್ತದೆ. ನಮ್ಮ ಪುಣ್ಯ, 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ವಿಭಾಗದ ಕಚೇರಿಯೂ ಇಲ್ಲೇ.

ದಿನದ ಪಾಸು ಹಾಗಲ್ಲ. ದರ, ಟಿಕೆಟಿನ ಬಗೆ ಇವೆಲ್ಲ ರೈಲ್ವೆ ಮಂಡಳಿ ತೀರ್ಮಾನಿಸಬೇಕಾದವು. ಇಲ್ಲಿಯ ಅಧಿಕಾರಿ ಒಪ್ಪಿದರೂ ಶಿಫಾರಸು ಮಾಡಬಹುದು ಅಷ್ಟೇ. ಆದ್ದರಿಂದ ಒಂದೇ ಕಾಗದದಲ್ಲಿ ಎರಡನ್ನೂ ತುಂಬಬೇಡಿ. ಒಂದು ಅರ್ಜಿಯಲ್ಲಿ ಬೋಗಿ, ಮಾರ್ಗ, ಗಾಡಿಯ ಹೆಸರು ಹಾಕಿ ವಿಭಾಗೀಯ ವ್ಯವಸ್ಥಾಪಕರಿಗೆ ಕೊಡಿ. ಇನ್ನೊಂದರಲ್ಲಿ ದಿನದ ಪಾಸು, ಮೂರು ದಿಕ್ಕಿನ ಪಾಸು ಬರೆದು ಮಂಡಳಿಗೆ ಶಿಫಾರಸು ಮಾಡಿ ಎಂದು ಕೇಳಿ. ವಿಭಾಗ ಮಟ್ಟದಲ್ಲೂ ವಲಯ ಮಟ್ಟದಲ್ಲೂ ರೈಲು ಬಳಕೆದಾರರ ಸಲಹಾ ಸಮಿತಿ ಇರುತ್ತದೆ. ವಾಣಿಜ್ಯೋದ್ಯಮ ಸಂಸ್ಥೆಗಳು, ಪ್ರಯಾಣಿಕರ ಸಂಘಗಳವರು, ಸಂಸದರು, ಶಾಸಕರ ಪ್ರತಿನಿಧಿಗಳು ಅದರಲ್ಲಿ ಇರುತ್ತಾರೆ. ಸದಸ್ಯರೊಬ್ಬರ ಮೂಲಕ ವಿಷಯ ಪಟ್ಟಿಗೆ ಹೋದರೆ ಸಭೆಯಲ್ಲಿ ಬರಹದ ಉತ್ತರ ಬರಲೇಬೇಕು. ಕೌಂಟರಿನಲ್ಲಿ ಕೂತು ಜಗಳ ಆಡಿದ್ದಕ್ಕಿಂತ ಆ ಒಂದು ಉತ್ತರದ ಬೆಲೆ ಜಾಸ್ತಿ.

ಅಮರಗೋಳ ಅಡತಿ ಲೆಕ್ಕ:

ತಡವಾಗಿ ಬಂದೆ. ಅಮರಗೋಳ ಎಪಿಎಂಸಿಯಲ್ಲಿ ಎರಡು–ಮೂರು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹತ್ತಿ, ಶೇಂಗಾ, ಮೆಣಸಿನಕಾಯಿ ಆವಕ ಬಂದಾಗ ದಿನಾ ಕೆಲಸ, ಸುಗ್ಗಿ ಮುಗಿದ ಮೇಲೆ ವಾರಕ್ಕೊಮ್ಮೆ ಕರೆದರೆ ಹೆಚ್ಚು. ನನಗೆ ಎರಡು ತಿಂಗಳ ಅವಧಿಯೂ ಸಾಲದು, ಮೂರು ತಿಂಗಳು ಕೇಳಿ.

ಇನ್ನೊಂದು, ಧಾರವಾಡ–ಹುಬ್ಬಳ್ಳಿ ನಡುವಿನವರು ಈ ಪಾಸನ್ನು ಅಷ್ಟಾಗಿ ಕೇಳಲಿಕ್ಕಿಲ್ಲ. ಚಿಗರಿ ಬಸ್ಸು ಬಂದ ಮೇಲೆ ಗಾಡಿಯ ಸಮಯ ನೋಡಿಕೊಂಡು ಕಾಯುವವರು ಕಡಿಮೆ. 22 ಕಿ.ಮೀ. ಪ್ರತ್ಯೇಕ ದಾರಿ, ಒಂದರ ಹಿಂದೆ ಒಂದು ಬಸ್ಸು. ಉಣಕಲ್, ನವಲೂರು ಸ್ಟೇಷನ್ನಿನಲ್ಲಿ ಹತ್ತುವವರಿಗೆ ಬಿಟ್ಟರೆ ಉಳಿದವರಿಗೆ ಚಿಗರಿಯೇ ಸಲೀಸು. ಅರ್ಜಿಗೆ ಬಲ ಬರುವುದು ಗದಗ ಮತ್ತು ಹಾವೇರಿ ದಿಕ್ಕಿನಿಂದ. ಆ ಸಣ್ಣ ಸ್ಟೇಷನ್ನುಗಳ ಹೆಸರೆಲ್ಲ ಬರೆಯಿರಿ.

ಹುಲಕೋಟಿ ಪ್ಯಾಸೆಂಜರ್:

ಎಲ್ಲರ ಮಾತು ಓದಿ ಎರಡು ಅರ್ಜಿಗಳ ಕರಡು ಮಾಡಿದ್ದೇನೆ. ಮಂಡಳಿಗೆ ಹೋಗಬೇಕಾದ್ದು ಹೀಗಿದೆ:

“ಈಗಿರುವ ತಿಂಗಳ, ಮೂರು ತಿಂಗಳ ಸೀಸನ್ ಟಿಕೆಟ್‌ಗಳ ದರ ಮತ್ತು ನಿಯಮಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಜೊತೆಗೆ ಆಫೀಸು ನೌಕರರಿಗೆ ಹತ್ತು ದಿನದ ಪ್ರಯಾಣಕ್ಕೆ ಹೊಸ ಟಿಕೆಟ್ ಒಂದನ್ನು ಕೊಡಬೇಕು. ಅದರ ದರ ಹತ್ತು ಒಂಟಿ ಪ್ರಯಾಣದ ಪ್ಯಾಸೆಂಜರ್ ದರದಷ್ಟಿರಲಿ. ಅವಧಿ 90 ದಿನ ಇರಲಿ. ಸೀಸನ್ ನಡೆಯುವ ಎಲ್ಲ ಗಾಡಿಗಳಲ್ಲಿ ಇದೂ ನಡೆಯಲಿ. ಗದಗ, ಹಾವೇರಿ, ಧಾರವಾಡ ಈ ಮೂರು ದಿಕ್ಕಿನಲ್ಲೂ ಕೆಲಸವಿರುವವರಿಗೆ ಹುಬ್ಬಳ್ಳಿ ಕೇಂದ್ರವಾಗಿ ಒಂದೇ ಟಿಕೆಟ್ ಸಿಗಲಿ. ದಿನದ ಗುರುತು ಆ್ಯಪ್‌ನಲ್ಲಿ ಸ್ಟೇಷನ್ ಹೊರಗೆ, ಇಲ್ಲವೇ ಕೌಂಟರಿನ ಮುದ್ರೆಯಿಂದ ಆಗಲಿ.”

ದರಕ್ಕೆ ಕಾರಣ ಹೇಳುತ್ತೇನೆ. ಹತ್ತು ದಿನ ಅಂದರೆ ಇಪ್ಪತ್ತು ಪ್ರಯಾಣ, ಅದಕ್ಕೆ ಹತ್ತರ ದರ, ಅಂದರೆ ಅರ್ಧ. ದಿನಾ ಹೋಗುವವರಿಗೆ ಪ್ರತಿ ಪ್ರಯಾಣಕ್ಕೆ ಬೀಳುವ ದರ ಇದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಸೀಸನ್ ಬಿಟ್ಟು ಇದಕ್ಕೆ ಯಾರೂ ಬರುವುದಿಲ್ಲ, ರೈಲ್ವೆಗೆ ಅಲ್ಲಿಯ ಆದಾಯ ತಪ್ಪುವುದಿಲ್ಲ. ಇವತ್ತು ಬೈಕಿನಲ್ಲಿ, ಹಂಚಿಕೊಂಡ ಕಾರಿನಲ್ಲಿ ಹೋಗುವ ನನ್ನಂಥವರು ಗಾಡಿಗೆ ಬರುತ್ತಾರೆ. ಕುಂದಗೋಳದ ಅಣ್ಣಾರ, ಮೊದಲ ಸಾಲು ನಿಮಗಾಗಿ ಬರೆದದ್ದು. ಸಹಿ ಹಾಕುತ್ತೀರಾ?

ಕುಂದಗೋಳ ದಿನಾ ಅಪ್‌ಡೌನ್:

ಬೋಗಿ ಅರ್ಜಿಗೆ ಇವತ್ತ ಹಾಕತೀನಿ. ನಮ್ಮ ಸ್ಟೇಷನ್ನಿನ ಮಂದೀದೂ ಹಾಕಿಸಿ ಕೊಡತೀನಿ. ಪಾಸಿನ ಅರ್ಜಿಗೆ ಮಾತ್ರ ಸದ್ಯ ಇಲ್ರಿ. ಮೊದಲ ಸಾಲು ಛಲೋ ಬರದೀರಿ, ಆದ್ರ ದಿಲ್ಲಿಗೆ ಹೋದ ಮ್ಯಾಲೆ ಯಾವ ಸಾಲು ಉಳಿತೈತಿ, ಯಾವ ಸಾಲು ಹೋಗತೈತಿ ನಮ್ಮ ಕೈಯಾಗ ಇಲ್ಲ. ಸಿಟ್ಟ ಮಾಡಕೋಬ್ಯಾಡ್ರಿ.

ಹುಲಕೋಟಿ ಪ್ಯಾಸೆಂಜರ್:

ಸಿಟ್ಟೇಕೆ ಅಣ್ಣಾರ, ನಿಮ್ಮ ಕಾರಣ ಗಟ್ಟಿಯಾಗಿದೆ. ಬೋಗಿಯ ಅರ್ಜಿಯೇ ಮೊದಲು ಹೋಗಲಿ. ಮುಂಜಾನೆ ಹುಬ್ಬಳ್ಳಿ ಮುಟ್ಟುವ, ಸಂಜೆ ಹುಬ್ಬಳ್ಳಿ ಬಿಡುವ ಗಾಡಿಗಳ ಹೆಸರು, ಎಲ್ಲೆಲ್ಲಿ ನೂಕುನುಗ್ಗಲು ಹೆಚ್ಚು ಅನ್ನುವುದನ್ನು ಪ್ರತಿಯೊಬ್ಬರೂ ಇಲ್ಲೇ ಬರೆಯಿರಿ.

ಅತಿಥಿ ಉಪನ್ಯಾಸಕಿ, ಧಾರವಾಡ:

ಹಾವೇರಿ ದಿಕ್ಕಿನ ಪಟ್ಟಿ ನಾ ಮಾಡತೀನ್ರಿ. ಕರಜಗಿ, ಸವಣೂರು, ಯಲವಿಗಿಯಿಂದ ಹತ್ತೂ ನಮ್ಮ ವಿದ್ಯಾರ್ಥಿಗಳನ್ನೂ ಕೇಳತೀನಿ. ಒಂದು ತಿದ್ದುಪಡಿ: ಕರಡಿನ್ಯಾಗ ಆಫೀಸು ನೌಕರರು ಅಂತ ಬರದೀರಿ, ಅದನ್ನ ತಗದು ಕೆಲಸಕ್ಕಾಗಿ ಓಡ್ಯಾಡುವವರು ಅಂತ ಮಾಡ್ರಿ. ಅಡತಿಯವರು, ವಕೀಲರು, ನಾವು, ಯಾರೂ ಅದರಾಗ ಬಿಟ್ಟುಹೋಗಬಾರದು.

ನಿವೃತ್ತ ಬುಕಿಂಗ್ ಕ್ಲರ್ಕ್:

ಪಟ್ಟಿಯಲ್ಲಿ ಗಾಡಿಯ ನಂಬರೂ ಹಾಕಿ, ತಂಗಿ. ಹೆಸರು ಬರೆದರೆ ಹೋಗುವುದೋ ಬರುವುದೋ ಗೊತ್ತಾಗದೆ ಫೈಲು ಅಲ್ಲೇ ನಿಲ್ಲುತ್ತದೆ. ಎರಡು ಪ್ರತಿ ಮಾಡಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ವಾಪಸ್ ತನ್ನಿ.